ವಖಾರಿಯಲ್ಲಿ ಬಿ.ಎ.

ನಾನು ಇತಿಹಾಸ ಕಲಿಸುತ್ತಿದ್ದ ನಿಪ್ಪಾಣಿಯ ಆ ಕಾಲೇಜು ಈಗಿಲ್ಲ. ಮುಚ್ಚಿ ಬಹಳ ವರ್ಷಗಳಾದವು. ಮುಚ್ಚಿದ್ದಕ್ಕೆ ನನಗೇನೂ ದುಃಖವಿಲ್ಲ. ಅದರ ಮಾತು ಬಂದರೆ ನನ್ನ ಮನೆಯವರು ಇವತ್ತಿಗೂ ವಿಷಯ ಬದಲಿಸುತ್ತಾರೆ. ಇಲ್ಲದಿದ್ದರೆ ನನ್ನ ದನಿ ಏರುತ್ತದೆ, ತಟ್ಟೆಯಲ್ಲಿನ ಊಟ ಆರಿಹೋಗುತ್ತದೆ.

ಎಂಬತ್ತರ ದಶಕದ ನಡುವಿನಲ್ಲಿ ಎಂ.ಎ. ಮುಗಿಸಿ ಅಲ್ಲಿ ಕೆಲಸಕ್ಕೆ ಸೇರಿದೆ. ನನ್ನ ತವರು ಅಂಕಲಿ. ಅಲ್ಲಿಂದ ದಿನಾ ಓಡಾಡುವುದು ದೂರವಾಗುತ್ತದೆಂದು ಚಿಕ್ಕೋಡಿಯಲ್ಲಿ ಅಕ್ಕನ ಮನೆಯಲ್ಲಿದ್ದೆ. ಬೆಳಗಿನ ಕೆಂಪು ಬಸ್ಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಅಥಣಿ ಕಡೆಯವಳು, ಚಿಕ್ಕೋಡಿಯಲ್ಲೇ ಬಾಡಿಗೆಗಿದ್ದವಳು, ಅದೇ ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುತ್ತಿದ್ದಳು. ಇಬ್ಬರದೂ ಒಂದೇ ವಯಸ್ಸು. ಇಡೀ ಕಾಲೇಜಿಗೆ ಹೆಂಗಸರೆಂದರೆ ನಾವಿಬ್ಬರೇ, ಹಾಗಾಗಿ ಗೆಳೆತನ ಬೇಗ ಕುದುರಿತು.

ಆಗ ಬಿ.ಎ., ಬಿ.ಎಸ್ಸಿ. ಎರಡೂ ಒಂದು ಹಳೆಯ ವಾಡೆಯಲ್ಲಿ ನಡೆಯುತ್ತಿದ್ದವು. ಮಳೆ ಬಂದರೆ ಇಬ್ಬರ ತಲೆಯ ಮೇಲೂ ಸೋರುತ್ತಿತ್ತು. ಮರುವರ್ಷ ಊರ ಹೊರಗೆ ಹೊಸ ಕಟ್ಟಡ ಎದ್ದಿತು. ಅದು ನಮ್ಮೆಲ್ಲರದು ಎಂದುಕೊಂಡಿದ್ದೆವು. ಜೂನ್ ತಿಂಗಳಲ್ಲಿ ಸಂಸ್ಥೆಯ ಚೇರ್ಮನ್ನರು ಮೀಟಿಂಗು ಕರೆದರು. ತಂಬಾಕಿನ ವ್ಯಾಪಾರದಲ್ಲಿ ದೊಡ್ಡವರಾದವರು, ಮಾತು ಬಹಳ ಮೆದು.

"ಸೈನ್ಸಿನವ್ರಿಗೆ ಗ್ಯಾಸ್ ಬೇಕು, ನಳ ಬೇಕು, ಲ್ಯಾಬ್ ಬೇಕು. ಆರ್ಟ್ಸಿನವ್ರಿಗೆ ಏನ್ ಬೇಕ್ರಿ? ನಾಕ ಗ್ವಾಡಿ, ಒಂದ್ ಕರೇ ಹಲಗಿ. ನಂದೊಂದು ವಖಾರಿ ಖಾಲಿ ಐತಿ. ಎರಡ ತಿಂಗಳ ಅಲ್ಲಿ ನಡಸ್ರಿ. ಆಮ್ಯಾಲ ಹೊಸಾ ಕಟ್ಟಡದ ಮ್ಯಾಲ ನಿಮಗ ಖೋಲಿ ಕಟ್ಟಿಸಿ ಕೊಡೂಣು."

ವಖಾರಿ ಎಂದರೆ ತಂಬಾಕು ತುಂಬಿಡುವ ಗೋದಾಮು. ನಾನು ಎದ್ದು ನಿಂತು ಕೇಳಿದೆ, "ಅಲ್ಲಿ ಕಿಟಕಿ ಅದಾವೇನ್ರಿ?"

ಅವರು ನಕ್ಕರು. "ತಂಬಾಕಿಗೆ ಗಾಳಿ ಹತ್ತಬಾರದ್ರೀ ಮೇಡಂ. ಕಿಟಕಿ ಯಾಕ ಇಡ್ತಾರ?"

ಎಲ್ಲರೂ ನಕ್ಕರು. ಪ್ರಿನ್ಸಿಪಾಲರು ಕೆಮಿಸ್ಟ್ರಿಯವರು, ಅವರು ನಕ್ಕದ್ದು ನನಗೆ ಆಶ್ಚರ್ಯವಾಗಲಿಲ್ಲ. ಆದರೆ ನನ್ನ ಪಕ್ಕ ಕೂತಿದ್ದ ಅರ್ಥಶಾಸ್ತ್ರದವರೂ ನಕ್ಕರು, ಅವರ ಪಕ್ಕದ ರಾಜ್ಯಶಾಸ್ತ್ರದವರೂ ನಕ್ಕರು. ಆ ಕಿಟಕಿಯಿಲ್ಲದ ಗೋಡೆಗಳ ನಡುವೆ ನಾಳೆ ನಿಲ್ಲಬೇಕಾದವರು ಅವರೇ. ಮೂವತ್ತು ವರ್ಷ ಕಳೆದರೂ ಆ ನಗೆ ನನ್ನ ಕಿವಿಯಲ್ಲಿ ಕೆರೆಯುತ್ತದೆ.

ವಖಾರಿ ಉದ್ದನೆಯದು, ಮೇಲೆ ತಗಡು. ಎಷ್ಟೋ ವರ್ಷ ತಂಬಾಕು ಒತ್ತಿಟ್ಟು ಗೋಡೆಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಅಂಗೈ ಇಟ್ಟರೆ ಅಂಗೈಗೆ ವಾಸನೆ ಹತ್ತುತ್ತಿತ್ತು. ಮೂರು ಮೂಲೆಗಳಲ್ಲಿ ಮೂರು ವರ್ಷದ ಕ್ಲಾಸು. ನಾನು ಒಂದು ಕಡೆ ಮೊಘಲರ ಆಡಳಿತ ಹೇಳುತ್ತಿದ್ದರೆ ಇನ್ನೊಂದು ಕಡೆಯಿಂದ ಬೇಡಿಕೆ, ಪೂರೈಕೆ ಕೇಳಿಬರುತ್ತಿತ್ತು. ಆ ಖಾಲಿ ವಖಾರಿಗೆ ಸಂಸ್ಥೆಯಿಂದ ಚೇರ್ಮನ್ನರಿಗೇ ಬಾಡಿಗೆ ಹೋಗುತ್ತಿತ್ತೆಂದು ತಿಳಿದದ್ದು ಆಮೇಲೆ.

ಎರಡು ತಿಂಗಳು ಕಳೆದವು, ವರ್ಷವೂ ಕಳೆಯುತ್ತ ಬಂತು. ಹೊಸ ತಂಬಾಕು ಬರುವ ಕಾಲಕ್ಕೆ ಚೇರ್ಮನ್ನರಿಗೆ ಜಾಗ ಸಾಲದೆ ವಖಾರಿಯ ಅರ್ಧಕ್ಕೆ ಗೋಣಿತಟ್ಟಿನ ಪರದೆ ಕಟ್ಟಿಸಿ ಆ ಕಡೆ ಚೀಲಗಳನ್ನು ಇಳಿಸಿದರು. ಈ ಕಡೆ ನಾವು. ಆ ಕಡೆ ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ತಂಬಾಕು ಬಡಿದು ಜರಡಿ ಹಿಡಿಯುತ್ತಿದ್ದರು. ಪರದೆಯ ಮೇಲಿಂದ ಧೂಳು ಹೊಗೆಯಂತೆ ಬಂದು ನಮ್ಮ ಪುಸ್ತಕಗಳ ಮೇಲೆ ಕೂರುತ್ತಿತ್ತು. ಹುಡುಗರು ಸೀನುತ್ತಿದ್ದರು, ಹುಡುಗಿಯರ ಕಣ್ಣಲ್ಲಿ ನೀರು. ನಾನು ಒಂದು ವಾಕ್ಯ ಹೇಳಿ ಒಂದು ಸಲ ಕೆಮ್ಮುತ್ತಿದ್ದೆ.

ಎರಡನೇ ವರ್ಷದ ಬಿ.ಎ.ಯಲ್ಲಿ ಒಬ್ಬ ಹುಡುಗಿಯಿದ್ದಳು. ಅದೇ ಊರಿನವಳು, ಮನೆಯಲ್ಲಿ ಕಾಲೇಜು ಕಂಡವಳು ಅವಳೊಬ್ಬಳೇ. ಮನೆಮಾತು ಮರಾಠಿ. ಆದರೆ ಕನ್ನಡದಲ್ಲಿ ಅವಳು ಬರೆಯುತ್ತಿದ್ದ ಉತ್ತರಗಳನ್ನು ಓದುವುದು ನನಗೆ ಹಬ್ಬ. ಎಸೆಸೆಲ್ಸಿಯಲ್ಲಿ ಫಸ್ಟ್ ಕ್ಲಾಸು ಬಂದಿದ್ದಳು, ಸೈನ್ಸಿಗೆ ಕರೆದರೂ ಹೋಗಿರಲಿಲ್ಲ. "ಯಾಕ?" ಎಂದು ಒಮ್ಮೆ ಕೇಳಿದ್ದಕ್ಕೆ, "ನನಗ ಹಿಸ್ಟ್ರಿ ಸೇರತೈತ್ರಿ, ಅದಕ್ಕ," ಎಂದಿದ್ದಳು. ಬಿ.ಎ.ಗೆ ಬಂದವರೆಲ್ಲ ಎಲ್ಲೂ ಸೀಟು ಸಿಗದೆ ಬಂದವರು ಎಂದು ನಂಬಿದ್ದ ಆ ಊರಿನಲ್ಲಿ ಹಾಗೆ ಹೇಳುವುದಕ್ಕೆ ಧೈರ್ಯ ಬೇಕಿತ್ತು.

ಅವಳ ತಾಯಿ ಪರದೆಯ ಆ ಕಡೆ ಜರಡಿ ಹಿಡಿಯುತ್ತಿದ್ದಳು. ಇದು ನನಗೆ ಗೊತ್ತಾದದ್ದು ಒಂದು ದಿನ ಹುಡುಗಿ ಉಸಿರು ಕಟ್ಟಿ ಬೆಂಚಿನ ಮೇಲೆ ಬಾಗಿದಾಗ. ಯಾರೋ ಕೂಗಿದ್ದಕ್ಕೆ ಗೋಣಿತಟ್ಟನ್ನು ಎತ್ತಿ ಒಬ್ಬ ಹೆಂಗಸು ಓಡಿಬಂದಳು. ಕೂದಲು, ಹುಬ್ಬು ಎಲ್ಲ ತಂಬಾಕಿನ ಪುಡಿ. ಮಗಳ ಬೆನ್ನು ನೀವಿ, ನೀರು ಕುಡಿಸಿ, ನನ್ನ ಕಡೆ ನೋಡಿ, "ದಮ್ಮ ಐತ್ರಿ ಬಾಯಾರ, ಸಣ್ಣಾಕಿದ್ದಾಗಿಂದ ಐತಿ. ಇಕಿನ್ನ ಬಾಗಲ್ದ ಹತ್ರ ಕುಂಡರಸ್ರಿ," ಎಂದು ಹೇಳಿ ತಿರುಗಿ ಪರದೆಯ ಒಳಗೆ ಹೋದಳು.

ಅವತ್ತೇ ಹೊಸ ಕಟ್ಟಡಕ್ಕೆ ನಡೆದು ಪ್ರಿನ್ಸಿಪಾಲರ ಎದುರು ನಿಂತೆ. "ಸರ್, ಮುಂಜಾನೆ ಇಲ್ಲಿ ಮೂರ ಖೋಲಿ ಖಾಲಿ ಇರ್ತಾವು. ನಮ್ಮ ಹುಡುಗ್ರನ್ನ ಇಲ್ಲಿ ಕುಂಡರಸ್ತೀನಿ."

"ಖಾಲಿ ಎಲ್ಲೈತ್ರಿ? ಒಳಗ ಸಾಮಾನ ಐತಿ. ನಿಮ್ಮ ಹುಡುಗ್ರು ಏನರ ಮುಟ್ಟಿ ಒಡದ್ರ ಯಾರ್ ಜವಾಬ್ದಾರಿ? ಮ್ಯಾಲ, ಪಾಣಿಪತ್ ಯುದ್ಧ ಯಾವ ಖೋಲ್ಯಾಗ ಹೇಳಿದ್ರೂ ಪಾಣಿಪತ್ ಯುದ್ಧನ ಅಲ್ಲೇನ್ರಿ?"

"ಹಂಗಾರ ಆಕ್ಸಿಜನ್ನೂ ಯಾವ ಖೋಲ್ಯಾಗ ಹೇಳಿದ್ರೂ ಆಕ್ಸಿಜನ್ನ ಅಲ್ರಿ ಸರ್. ನೀವ ವಖಾರಿಗೆ ಬರ್ರಿ, ನಾವ್ ಇಲ್ಲಿಗೆ ಬರ್ತೀವಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನೀವು ಇನ್ನೂ ಸಣ್ಣಾವ್ರದೀರಿ ಮೇಡಂ," ಎಂದರು. ಮಾತು ಅಲ್ಲಿಗೇ ಮುಗಿಯಿತು.

ಸಂಜೆ ಬಸ್ಸಿನಲ್ಲಿ ಗೆಳತಿಯ ಮೇಲೆ ಹರಿಹಾಯ್ದೆ. "ನಿಮ್ಮ ಸಾಮಾನ ಮುಟ್ಟಿದ್ರ ಒಡೀತಾವಂತ. ನಮ್ಮ ಹುಡುಗ್ರು ಸತ್ರೂ ಅಡ್ಡಿಲ್ಲಂತ."

"ಯಾವ ಸಾಮಾನ ಬೇ?" ಎಂದಳು ಅವಳು. "ನಾಳೆ ಬಾ, ತೋರಸ್ತೀನಿ."

ಮರುದಿನ ತೋರಿಸಿದಳು. ಗಾಜಿನ ಕಪಾಟುಗಳಿಗೆ ಬೀಗ. ಒಳಗೆ ಪೆಟ್ಟಿಗೆಯಿಂದ ತೆಗೆಯದ ತಕ್ಕಡಿಗಳು, ಕಾಗದ ಬಿಚ್ಚದ ಮೀಟರುಗಳು. ನಳವಿತ್ತು, ನೀರಿರಲಿಲ್ಲ. ಕಪಾಟಿನ ಬೀಗದ ಕೈ ಆಫೀಸಿನಲ್ಲಿತ್ತು. ಯಾರಾದರೂ ದೊಡ್ಡವರು ನೋಡಲು ಬಂದಾಗ ಮಾತ್ರ ಕೈಗೆ ಸಿಗುತ್ತಿತ್ತು. ಹುಡುಗರು ಹಿಂದಿನ ವರ್ಷದವರ ಜರ್ನಲ್ ನೋಡಿ ರೀಡಿಂಗ್ ಬರೆದುಕೊಳ್ಳುತ್ತಿದ್ದರು. "ನಿಮಗ ಧೂಳ ಕೊಟ್ಟಾರ, ನಮಗ ಕಪಾಟ ಕೊಟ್ಟಾರ," ಎಂದಳು. "ನನ್ನ ಹುಡುಗ್ರು ಮೂರ ವರ್ಷ ಕಪಾಟ ನೋಡಿ ಡಿಗ್ರಿ ತಗೋತಾರ."

ನನಗೆ ಸಮಾಧಾನವಾಗಬೇಕಿತ್ತೇನೋ, ಆಗಲಿಲ್ಲ. ಅವಳೇ ಮುಂದುವರಿದು, "ಆದ್ರೂ ಖರೇ ಹೇಳ್ಳಿ? ನಿನ್ನ ಹಿಸ್ಟ್ರಿ ಮನ್ಯಾಗ ಕುಂತೂ ಓದಬಹುದು. ಫಿಜಿಕ್ಸ್ ಹಂಗ ಬರಂಗಿಲ್ಲ," ಎಂದಳು. ಆಗ ನನ್ನ ಮೈಯೆಲ್ಲ ಉರಿಯಿತು. ಇಷ್ಟೆಲ್ಲ ಕಣ್ಣಾರೆ ಕಂಡವಳೂ ಹೀಗೆ ಮಾತಾಡಿದರೆ ಉಳಿದವರ ಗತಿಯೇನು? ಮನೆಯಲ್ಲಿ ಕೂತು ಓದಲು ಆ ಹುಡುಗಿಗೆ ಮನೆ ಎಲ್ಲಿತ್ತು? ಅದು ಒಂದೇ ಖೋಲಿ, ಅದರಲ್ಲೂ ಬೀಡಿ ಎಲೆಯ ರಾಶಿ. ಒಂದು ವಾರ ನಾನು ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತೆ.

ವಿದ್ಯಾರ್ಥಿಗಳೂ ದೊಡ್ಡವರಿಂದಲೇ ಕಲಿಯುತ್ತಾರೆ. ನಮ್ಮವರಿಗೆ ಬಿ.ಎಸ್ಸಿ.ಯವರು "ಜರ್ದಾ ಬ್ಯಾಚ್" ಎಂದು ಹೆಸರಿಟ್ಟರು. ಗ್ಯಾದರಿಂಗಿನ ದಿನ ನಮ್ಮ ಹುಡುಗ ಹುಡುಗಿಯರು ಹೊಸ ಕಟ್ಟಡದ ಅಂಗಳಕ್ಕೆ ಬಂದಾಗ ಒಂದಿಷ್ಟು ಜನ ಬೇಕೆಂದೇ ಕರ್ಚೀಫು ತೆಗೆದು ಮೂಗಿಗೆ ಹಿಡಿದರು. ಅದೇ ಊರಿನ, ಅದೇ ಕಬ್ಬೂರ, ಕುಡಚಿಗಳಿಂದ ಬಂದ ಮಕ್ಕಳು. ಎರಡು ವರ್ಷದ ಹಿಂದೆ ಒಂದೇ ಬೆಂಚಿನ ಮೇಲೆ ಕೂತವರು. ನನ್ನ ಗೆಳತಿ ಅವರಲ್ಲೊಬ್ಬನ ಕರ್ಚೀಫು ಕಸಿದು ನೆಲಕ್ಕೆ ಎಸೆದದ್ದನ್ನು ಕಂಡೆ. ಮರುದಿನ ಮತ್ತೆ ಅವಳ ಪಕ್ಕಕ್ಕೇ ಹೋಗಿ ಕೂತೆ.

ಮುಂದಿನ ವರ್ಷ ಎಲ್‌ಐಸಿ ಬರುತ್ತದೆಂದು ಗೊತ್ತಾಯಿತು. ಎಲ್‌ಐಸಿ ಎಂದರೆ ವಿಮೆಯವರಲ್ಲ; ಬಿ.ಎ.ಗೆ ಮಾನ್ಯತೆ ಮುಂದುವರಿಸಬೇಕೋ ಬೇಡವೋ ಎಂದು ನೋಡಿಹೋಗಲು ವಿಶ್ವವಿದ್ಯಾಲಯದಿಂದ ಬರುವ ಸಮಿತಿ. ಹಿಂದಿನ ಸಂಜೆ ಸಿಪಾಯಿ ಬಂದು ಪ್ರಿನ್ಸಿಪಾಲರ ಸೂಚನೆ ಹೇಳಿದ: ನಾಳೆ ಬಿ.ಎಸ್ಸಿ.ಗೆ ರಜೆ. ಬಿ.ಎ.ಯವರೆಲ್ಲ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಹೊಸ ಕಟ್ಟಡಕ್ಕೆ ಬರಬೇಕು.

ಬಂದರು. ಸುಣ್ಣ ಬಳಿದ ಖೋಲಿ, ಎರಡೂ ಕಡೆ ಕಿಟಕಿ, ಮೇಲೆ ತಿರುಗುವ ಫ್ಯಾನು. ಮೊದಲು ಯಾರೂ ಕೂರಲಿಲ್ಲ. ಹುಡುಗರು ಬೆಂಚುಗಳನ್ನು ಮುಟ್ಟಿ ನೋಡಿದರು. ಆ ಹುಡುಗಿ ಕಿಟಕಿಯ ಬಳಿ ಹೋಗಿ ಹೊರಗಿನ ಹೊಲ ನೋಡುತ್ತ ಸ್ವಲ್ಪ ಹೊತ್ತು ನಿಂತಳು. ನಾನು ಕ್ಲಾಸು ಶುರು ಮಾಡಿದೆ. ಗಂಟಲು ಕಟ್ಟದೆ, ಕೆಮ್ಮದೆ ಪೂರ್ತಿ ಪಾಠ ಹೇಳಬಹುದೆಂಬುದನ್ನೇ ಮರೆತಿದ್ದೆ. ನೆಮ್ಮದಿಯಾಗುವ ಬದಲು ಸಿಟ್ಟು ಏರಿತು. ಇಷ್ಟು ಸುಲಭವಿತ್ತು ಇದು. ಒಂದು ಬಾಗಿಲಿನ ಬೀಗ ತೆಗೆದರೆ ಸಾಕಿತ್ತು.

ಚೇರ್ಮನ್ನರ, ಪ್ರಿನ್ಸಿಪಾಲರ ಜೊತೆ ಸಮಿತಿಯ ಮೂವರು ಒಳಗೆ ಬಂದರು. ಎಲ್ಲರೂ ಎದ್ದರು. ಸಮಿತಿಯಲ್ಲಿ ಹಿರಿಯರು, ಬೇರೆ ಸೀಮೆಯ ಕನ್ನಡದವರು, ಸುತ್ತ ನೋಡಿ, "ಗಾಳಿ ಬೆಳಕು ಚೆನ್ನಾಗಿದೆ. ಇಲ್ಲಿ ಓದೋದು ಖುಷಿ ಅಲ್ವೇನಮ್ಮಾ?" ಎಂದು ಮುಂದಿನ ಬೆಂಚಿಗೆ ಕೇಳಿದರು. ಉತ್ತರ ಬೇಕೆಂದು ಕೇಳಿದ್ದಲ್ಲ. ಆದರೆ ಮುಂದಿನ ಬೆಂಚಿನಲ್ಲಿ ನಿಂತಿದ್ದವಳು ಅವಳು.

"ಇವತ್ತೊಂದ ದಿನ ಖುಷಿ ಐತ್ರಿ ಸರ್."

"ಅಂದ್ರೆ?"

"ನಾಳಿಂದ ಮತ್ತ ನಮ್ಮ ಕ್ಲಾಸ ತಂಬಾಕಿನ ವಖಾರ್ಯಾಗ ರೀ. ನಮ್ಮವ್ವನೂ ಅದ ವಖಾರ್ಯಾಗ ಕೆಲಸ ಮಾಡ್ತಾಳ್ರಿ. ನಾ ಅಲ್ಲಿಗೆ ಹೋಗಬಾರದಂತ ನನ್ನ ಸಾಲಿಗೆ ಹಚ್ಚಿದ್ಳು. ಇವ್ರು ಆ ಸಾಲೀನ್ನ ಒಯ್ದು ಅಲ್ಲೇ ಇಟ್ರು."

ಚೇರ್ಮನ್ನರು ನಗುತ್ತ, "ಹುಡುಗಿ ಭಾಷಣದಾಗ ಭಾಳ ಹುಷಾರ ಅದಾಳ್ರಿ," ಎಂದರು.

ಹಿರಿಯರು ನನ್ನ ಕಡೆ ತಿರುಗಿದರು. "ಮೇಡಂ, ಇದು ನಿಜವೇ?"

"ಖರೇ ಐತ್ರಿ ಸರ್. ದೂರ ಏನಿಲ್ಲ, ನಡದ ಹೋಗಬಹುದು. ಈಗ ಬರ್ರಿ, ತೋರಸ್ತೀನಿ."

ಅವರು ಪ್ರಿನ್ಸಿಪಾಲರ ಮುಖ ನೋಡಿದರು, ಕೈಗಡಿಯಾರ ನೋಡಿದರು. "ಊಟ ಆದ್ಮೇಲೆ ಖಂಡಿತ ನೋಡೋಣ," ಎಂದರು.

ಚೇರ್ಮನ್ನರ ಮನೆಯಲ್ಲಿ ಹೋಳಿಗೆಯ ಊಟ. ನಾವು ವಖಾರಿಯ ಬಾಗಿಲಲ್ಲಿ ಕಾದೆವು. ಬಿಸಿಲು ಇಳಿಯುವ ಹೊತ್ತಿಗೆ ಅವರ ಕಾರು ನಮ್ಮ ಓಣಿಯ ಬಾಯಲ್ಲಿ ಕಾಣಿಸಿತು, ನಿಲ್ಲಲಿಲ್ಲ, ಬೆಳಗಾವಿಯ ರಸ್ತೆ ಹಿಡಿದು ಹೋಯಿತು. ಮಾನ್ಯತೆ ಮುಂದುವರಿಯಿತು. ವರದಿಯಲ್ಲಿ ನಮ್ಮ ವಖಾರಿಯ ಬಗ್ಗೆ ಒಂದು ಸಾಲೂ ಇರಲಿಲ್ಲವೆಂದು ಆಫೀಸಿನ ಕ್ಲಾರ್ಕು ಹೇಳಿದ. ಆ ಮೂವರಲ್ಲಿ ಇಬ್ಬರು ಕಲಾ ವಿಭಾಗದ ಪ್ರಾಧ್ಯಾಪಕರು. ಇದನ್ನು ನಾನು ಮರೆಯಲಾರೆ.

ಎರಡು ದಿನ ಬಿಟ್ಟು ಹುಡುಗಿ ಕ್ಲಾಸಿಗೆ ಬರಲಿಲ್ಲ. ಪರದೆಯ ಆ ಕಡೆ ಅವಳ ತಾಯಿಯೂ ಇರಲಿಲ್ಲ. ಉಳಿದ ಹೆಂಗಸರನ್ನು ಕೇಳಿದೆ. ತಲೆ ಎತ್ತದೆ ಒಬ್ಬಳು ಹೇಳಿದಳು, "ನಾಳಿಂದ ಬರಬ್ಯಾಡ ಅಂದಾರ್ರಿ."

ಸೀದಾ ಚೇರ್ಮನ್ನರ ತಂಬಾಕಿನ ಪೇಢಿಗೆ ಹೋದೆ. ಬಿಳಿಯ ಗಾದಿ, ಲೋಡುದಿಂಬಿಗೆ ಒರಗಿ ಕೂತಿದ್ದರು. ಚಹಾ ತರಿಸಲೇ ಎಂದು ಕೇಳಿದರು. ಬೇಡವೆಂದೆ.

"ಆ ಹುಡುಗಿ ಅವ್ವನ್ನ ಯಾಕ ಕೆಲಸದಿಂದ ತಗದ್ರಿ?"

"ತಗದಿಲ್ರೀ ಮೇಡಂ. ಮಗಳಿಗೆ ಧೂಳ ಆಗಂಗಿಲ್ಲ ಅಂದ ಮ್ಯಾಲ ಅವ್ವಗೂ ಆಗಬಾರದಲ್ರಿ? ನಾಳೆ ಆಕಿಗೂ ದಮ್ಮ ಬಂದ್ರ ಪಾಪ ನಮಗ ತಟ್ಟತೈತಿ. ಆಕಿ ಕಾಳಜಿ ಮಾಡೀನಿ ಅಷ್ಟ."

ನಾನು ಕೂಗಿದೆ. ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ನಾಚಿಕೆ ಎಂಬುದು ನಿಮ್ಮ ಮನೆಯ ಹೊಸಿಲು ದಾಟಿ ಎಂದಾದರೂ ಒಳಗೆ ಬಂದಿದೆಯೇ ಎಂದು ಕೇಳಿದ್ದು ನೆನಪಿದೆ. ತೂಕ ಮಾಡುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ಚೇರ್ಮನ್ನರು ಮಾತ್ರ ದನಿ ಏರಿಸಲಿಲ್ಲ.

"ಮೇಡಂ, ನಾಳೆ ನಾ ಬಿ.ಎ. ಬಂದ್ ಮಾಡಿದ್ರ ಈ ಊರಾಗ ಒಬ್ರೂ ಅಳಂಗಿಲ್ಲ. ಡೊನೇಶನ್ ಕೊಟ್ಟ ಬರಾವ್ರೆಲ್ಲಾ ಸೈನ್ಸಿಗೆ ಬರ್ತಾರ. ನಿಮ್ಮ ಪಗಾರ ಆಗೂದು ಅವ್ರ ರೊಕ್ಕದಾಗ. ತಿಳಕೊಂಡ ಮಾತಾಡ್ರಿ."

ಅಲ್ಲಿಂದ ಆ ಹುಡುಗಿಯ ಮನೆಗೆ ಹೋದೆ. ತಾಯಿ ಬಾಗಿಲಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. ಮಗಳು ಒಳಗಿನಿಂದ ಹೊರಗೆ ಬರಲಿಲ್ಲ. "ಆಕಿ ಮಾತಾಡಿದ್ದು ಚಲೋ ಆತ್ರಿ ಬಾಯಾರ," ಎಂದಳು ತಾಯಿ. ಎಲೆ ಸುತ್ತುತ್ತಲೇ, "ಆದ್ರ ಕೆಲಸ ಹೋತಲ್ರಿ," ಎಂದಳು. ಎರಡೂ ಮಾತು ಒಂದೇ ದನಿಯಲ್ಲಿ. "ನಾಳೆ ಕಳಸ್ರಿ ಆಕಿನ್ನ," ಎಂದಷ್ಟೇ ಹೇಳಿ ಬಂದೆ.

ಬಸ್ಸಿನಲ್ಲಿ ಎಲ್ಲವನ್ನೂ ಗೆಳತಿಗೆ ಹೇಳಿದೆ. ಮರುದಿನ ನಾನು ಪಾಠ ಶುರು ಮಾಡುವ ಮೊದಲೇ ಅವಳು ವಖಾರಿಯ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಫಿಜಿಕ್ಸ್ ಲೆಕ್ಚರ್ ಹಾಲಿನ ಕೀಲಿಕೈ. "ನಡೀರಿ, ಎಲ್ಲಾರೂ ಪುಸ್ತಕ ತಗೋರಿ," ಎಂದಳು.

ನಾವು ಪೇಟೆಯ ನಡುವೆ ಹಾದು ಹೊಸ ಕಟ್ಟಡಕ್ಕೆ ನಡೆದೆವು. ಆ ಹುಡುಗಿಯೂ ಇದ್ದಳು. ಅಂಗಡಿಯವರು ಮೋರ್ಚಾ ಹೊರಟಿದೆಯೆಂದು ತಿಳಿದು ಎದ್ದು ನೋಡಿದರು. ಹಾಲಿನಲ್ಲಿ ಎಲ್ಲರೂ ಕೂತ ಮೇಲೆ ಪ್ರಿನ್ಸಿಪಾಲರು ಓಡಿಬಂದರು.

"ಇದೇನ್ರಿ ಇದು? ಯಾರ್ ಪರ್ಮಿಶನ್ ಕೊಟ್ರು?"

"ಡಿಪಾರ್ಟ್ಮೆಂಟ್ ನಂದ್ರಿ ಸರ್," ಎಂದಳು ಅವಳು. "ನನ್ನ ಪಿರಿಯಡ್ಡು ಮಧ್ಯಾಹ್ನ. ಅಲ್ಲೀ ತನಕ ಇವ್ರು ಕುಂಡರ್ತಾರ. ಒಂದ್ ಸಾಮಾನ ಒಡದ್ರೂ ನನ್ನ ಪಗಾರದಾಗ ಹಿಡೀರಿ. ಮದಲ ಸಾಮಾನ ಕಪಾಟಿಂದ ಹೊರಗ ತಗೀರಿ, ಒಡ್ಯಾಕರ ಬರ್ತಾವು."

ಹುಡುಗರು ಗೊಳ್ಳೆಂದು ನಕ್ಕರು. ಪ್ರಿನ್ಸಿಪಾಲರು ಹೊರಟುಹೋದರು. ಉಳಿದ ತಿಂಗಳುಗಳೆಲ್ಲ ನಮ್ಮ ಕ್ಲಾಸು ಅಲ್ಲೇ ನಡೆಯಿತು. ಬೇಗ ಬಂದ ಬಿ.ಎಸ್ಸಿ. ಹುಡುಗರು ಕೆಲವರು ಹಿಂದಿನ ಬೆಂಚಿನಲ್ಲಿ ಕೂತು ನನ್ನ ಪಾಠ ಕೇಳುತ್ತಿದ್ದರು. ಕರ್ಚೀಫು ಹಿಡಿದವನೂ ಒಮ್ಮೆ ಕೂತಿದ್ದ, ಅಕ್ಬರನ ಭೂಕಂದಾಯದ ಮೇಲೆ ಒಳ್ಳೆಯ ಪ್ರಶ್ನೆಯನ್ನೂ ಕೇಳಿದ. ನಮ್ಮ ಅರ್ಥಶಾಸ್ತ್ರದವರು ಮಾತ್ರ ವಖಾರಿಯಲ್ಲೇ ಉಳಿದರು. ಚೇರ್ಮನ್ನರಿಗೆ ಬೇಸರವಾಗಬಾರದಲ್ಲ.

ನನಗೆ ಮೆಮೊ ಬಂತು, ಉತ್ತರ ಬರೆದೆ. ನನ್ನನ್ನು ಅವರು ತೆಗೆಯಲಿಲ್ಲ. ಇತಿಹಾಸದವಳು ಇದ್ದರೆಷ್ಟು ಬಿಟ್ಟರೆಷ್ಟು ಎಂದುಕೊಂಡಿರಬೇಕು. ಪೆಟ್ಟು ಬಿದ್ದದ್ದು ಗೆಳತಿಗೆ. ವರ್ಷದ ಕೊನೆಗೆ ಅವಳ ನೌಕರಿ ಕಾಯಂ ಮಾಡಲಿಲ್ಲ. ಪೆಟ್ಟಿಗೆ ಕಟ್ಟಿಕೊಂಡು ಅಥಣಿಗೆ ಹೋದಳು, ಅಲ್ಲೊಂದು ಜೂನಿಯರ್ ಕಾಲೇಜಿನಲ್ಲಿ ಸೇರಿದಳು. ಜೂನ್‌ನಲ್ಲಿ ಬಿ.ಎ. ಮತ್ತೆ ವಖಾರಿಗೆ ಮರಳಿತು. ಹುಡುಗಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಅವಳ ಫೋಟೋ ಹಾಕಿ ಸಂಸ್ಥೆಯವರು ಹ್ಯಾಂಡ್‌ಬಿಲ್ ಅಚ್ಚು ಹಾಕಿಸಿ ಹಂಚಿದರು. ಅದನ್ನು ನಾನು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಹರಿದೆ.

ತೊಂಬತ್ತರ ದಶಕದ ಮೊದಲಲ್ಲಿ ಬಿ.ಎ. ಮುಚ್ಚಿದರು; ಇಡೀ ಕಾಲೇಜು ಮುಚ್ಚಿದ್ದು ಅದಕ್ಕೂ ಆಮೇಲೆ. ಚೇರ್ಮನ್ನರು ಹೇಳಿದಂತೆ ಯಾರೂ ಅಳಲಿಲ್ಲ. ಹೊಸ ಕಟ್ಟಡದ ಮೇಲೆ ಖೋಲಿಗಳು ಎದ್ದವು, ಕಂಪ್ಯೂಟರಿಗೆ. ನಾನು ಕಾಗವಾಡದ ಒಂದು ಹೈಸ್ಕೂಲು ಸೇರಿದೆ.

ಅದಾದ ಕೆಲವು ವರ್ಷಕ್ಕೆ ರಾಯಬಾಗದ ಬಸ್‌ಸ್ಟ್ಯಾಂಡಿನಲ್ಲಿ ಆ ಹುಡುಗಿ ಸಿಕ್ಕಳು. ಆ ತಾಲ್ಲೂಕಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದಳು. ತಾಯಿ ಚೆನ್ನಾಗಿದ್ದಾಳೆಂದಳು. ಪಕ್ಕದಲ್ಲಿ ಚಿಗುರುಮೀಸೆಯ ತಮ್ಮನಿದ್ದ, ಕೈಯಲ್ಲಿ ಹೊಸ ಕೆಮಿಸ್ಟ್ರಿ ಪುಸ್ತಕ.

"ಪಿಯುಸಿ ಸೈನ್ಸಿಗೆ ಹಚ್ಚೀನ್ರಿ," ಎಂದಳು.

"ಅವಗ ಸೇರತೈತಿ?"

ತಮ್ಮ ನೆಲ ನೋಡಿದ. ಅವಳು ಅವನ ಕಡೆ ನೋಡದೆ ಹೇಳಿದಳು, "ಇಲ್ರಿ. ಮರಾಠಿ ಕಥಿ ಪುಸ್ತಕ ಓದಕೋತ ಕುಂಡರ್ತಾನ. ಆರ್ಟ್ಸಿಗೆ ಹೋಕ್ಕೀನಂತ ಅತ್ತ. ಅಳ್ಳಿ ಅಂದೆ."

ಹಿಸ್ಟರಿ ಸೇರುತ್ತದೆ, ಅದಕ್ಕೆ ಬಂದೆ ಎಂದಿದ್ದವಳು ಇವಳೇ. ಬೈಯಬೇಕೆನಿಸಿತು, ಆದರೆ ಯಾವ ಬಾಯಿಯಿಂದ ಬೈಯಲಿ? ಅವಳ ಕಟುತನವನ್ನು ಅವಳೇ ಹುಟ್ಟಿಸಿಕೊಂಡದ್ದಲ್ಲ. ಮೆದು ಮಾತಿನ ಒಬ್ಬ ವ್ಯಾಪಾರಿ, ಕನ್ನಡಕ ಒರೆಸುವ ಒಬ್ಬ ಪ್ರಿನ್ಸಿಪಾಲ, ಹೋಳಿಗೆ ಉಂಡು ಹೋದ ಮೂವರು ವಿದ್ವಾಂಸರು, ಪಕ್ಕ ಕೂತು ನಕ್ಕ ನನ್ನದೇ ವಿಭಾಗದವರು, ಇವರೆಲ್ಲ ಸೇರಿ ಅವಳಿಗೆ ಕೊಟ್ಟ ಪಾಠ ಅದು. ಅವಳು ಬುದ್ಧಿವಂತೆ, ಚೆನ್ನಾಗಿ ಕಲಿತಿದ್ದಳು.

ಕುಡಚಿಯ ಬಸ್ಸು ಬಂತು. ಅವಳು ಬಾಗಿ ನನ್ನ ಕಾಲು ಮುಟ್ಟಿದಳು, ತಮ್ಮನಿಗೂ ಮುಟ್ಟಲು ಹೇಳಿದಳು. ಆ ಹುಡುಗ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿದ. ಅವನ ತಲೆಯ ಮೇಲೆ ಕೈಯಿಟ್ಟು, "ನಿನಗ ಬೇಕಾದ್ದ ಓದೋ ತಮ್ಮಾ," ಎಂದೆ. ಅವಳು ಕೇಳಿಸಿಕೊಂಡಳು. ಅವನ ತೋಳು ಹಿಡಿದು ಬಸ್ಸು ಹತ್ತಿಸಿದಳು.